ಹಳೇಕೋಟೆಗೆ ಹೋದ ಅಷ್ಟೂ ಕುರ್ಚಿ

ಚನ್ನರಾಯಪಟ್ಟಣದ ಬಸ್‌ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ಜೆರಾಕ್ಸ್ ಅಂಗಡಿ ಇಟ್ಟಿರುವ ರುದ್ರೇಶನಿಗೆ ಸುಸ್ತು ಅನ್ನುವುದು ಕಾಯಿಲೆಯಾಗಿ ಬಂದದ್ದಲ್ಲ, ನೆಂಟನ ಹಾಗೆ ಬಂದು ಉಳಿದುಬಿಟ್ಟದ್ದು. ಮೊದಮೊದಲು ಎರಡು ದಿನ ಇದ್ದು ಹೋಗುತ್ತದೆ ಅಂದುಕೊಂಡಿದ್ದ. ಆಮೇಲೆ ಅದಕ್ಕೊಂದು ಚಾಪೆ ಹಾಸಿಕೊಟ್ಟ. ಈಗ ಐವತ್ತರ ಅಂಚಿನಲ್ಲಿ, ಬೆಳಗ್ಗೆ ಅವನು ಕಣ್ಣು ಬಿಡುವ ಮೊದಲೇ ಅದು ಎದ್ದು ಕಾಫಿಗೆ ಕಾದು ಕೂತಿರುತ್ತದೆ.

ಇದಕ್ಕೆಲ್ಲ ಮೂಲ ಅವನ ಮನೆಯ ದೇವರಕೋಣೆ ಪಕ್ಕದಲ್ಲಿರುವ ಒಂದು ಕಂಪ್ಯೂಟರು. ಅಲ್ಲೇ ಯಾಕೆ ಅಂದರೆ ಯುಪಿಎಸ್‌ನ ವೈರು ಅಲ್ಲಿಯವರೆಗೆ ಮಾತ್ರ ಎಟುಕುತ್ತದೆ. ಹೆಂಡತಿ ನೀಲಾಂಬಿಕೆ ಬೆಳಗಿನ ಪೂಜೆ ಮುಗಿಸಿ ಆ ಡಬ್ಬದ ತಲೆಯ ಮೇಲೂ ಒಂದು ಹೂ ಇಡುತ್ತಾಳೆ. ಭಕ್ತಿಯಿಂದಲ್ಲ. ಅದಕ್ಕೇನಾದರೂ ಆದರೆ ಗಂಡ ಅರ್ಧ ಊಟಕ್ಕೆ ಏಳುತ್ತಾನೆ, ಆಮೇಲೆ ತಣ್ಣಗಾದ ಸಾರು ಮತ್ತೆ ಬಿಸಿ ಮಾಡುವವಳು ತಾನೇ, ಅನ್ನುವ ಮುಂದಾಲೋಚನೆಯಿಂದ.

ಆ ಡಬ್ಬದೊಳಗಿರುವುದು ಕುರ್ಚಿ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ಈ ನಾಲ್ಕು ತಾಲ್ಲೂಕಿನ ಶಾಮಿಯಾನದಂಗಡಿಗಳವರ ಕುರ್ಚಿ, ಟೇಬಲ್ಲು, ಅನ್ನದ ಕೊಪ್ಪರಿಗೆ, ಸೌಟು, ಜಮಖಾನ ಎಲ್ಲವೂ ಯಾವ ದಿನ ಯಾವ ಊರಲ್ಲಿರುತ್ತವೆ ಎಂದು ತಿಳಿಸುವ ಒಂದು ಪ್ರೋಗ್ರಾಂ. ಬಿಲ್ ಬುಕ್ ಮಾಡಿಸಲು ಬಂದಿದ್ದ ಅರಕಲಗೂಡಿನ ಶಾಮಿಯಾನದ ಬೈರಯ್ಯ ಯಾವುದೋ ಲಗ್ನದ ಸೀಸನ್‌ನಲ್ಲಿ, "ನಮ್ತಾವ ಕುರ್ಚಿ ಸಾಲ್ದು, ಹಾಸನ್ದೋರ್ತಾವ ಕುರ್ಚಿ ಕೊಳೀತಾ ಬಿದ್ದವೆ, ಇಬ್ರಿಗೂ ಗೊತ್ತಾಗಂಗೆ ಏನಾರಾ ಮಾಡಿ ಸಾ" ಅಂದ. ರುದ್ರೇಶ ಆಗ ತರುಣ, ಪರ್ಲ್ ಎಂಬ ಕಂಪ್ಯೂಟರ್ ಭಾಷೆಯನ್ನು ಹೊಸದಾಗಿ ಕಲಿತಿದ್ದ. ಕಲಿತದ್ದನ್ನು ಯಾರ ಮೇಲಾದರೂ ಪ್ರಯೋಗಿಸದೆ ನಿದ್ದೆ ಬರದ ವಯಸ್ಸು. ಬರೆದುಕೊಟ್ಟ. ಅದಾದ ಮೇಲೆ ನಿದ್ದೆ ಬಂದದ್ದು ಕಡಿಮೆ.

ಈಗ ಕಂಪ್ಯೂಟರ್ ಕಲಿತವರ ಮುಂದೆ ಪರ್ಲ್ ಹೆಸರು ಎತ್ತಿದರೆ, ಬಹಳ ವರ್ಷ ಕಾಣದ ಮೇಷ್ಟ್ರ ಸುದ್ದಿ ಎತ್ತಿದ ಹಾಗೆ, "ಹೌದಾ? ಇನ್ನೂ ಇದ್ದಾರಾ?" ಅನ್ನುತ್ತಾರೆ. ಇದ್ದಾರೆ. ಚನ್ನರಾಯಪಟ್ಟಣದಲ್ಲಿ, ದೇವರಕೋಣೆ ಪಕ್ಕ.

ಕಷ್ಟ ಏನೆಂದರೆ ಆ ಡಬ್ಬವನ್ನು ಒಂಟಿಯಾಗಿ ಬಿಟ್ಟು ಹೋಗುವ ಹಾಗಿಲ್ಲ. ಕರೆಂಟು ಹೋಗಿ ಬಂದರೆ ಅದನ್ನು ಎಬ್ಬಿಸಬೇಕು. ಎದ್ದರೂ ಕೆಲವೊಮ್ಮೆ ಮುನಿಸಿಕೊಂಡಿರುತ್ತದೆ, ಸಮಾಧಾನ ಮಾಡಬೇಕು. ಸ್ವಂತ ಷಡ್ಡಕನ ಮದುವೆಯಲ್ಲಿ ಧಾರೆಯ ಹೊತ್ತಿಗೆ ಫೋನ್ ಬಂದು ರುದ್ರೇಶ ಅಕ್ಷತೆಯನ್ನು ಜೇಬಿಗೆ ಹಾಕಿಕೊಂಡು ಮನೆಗೆ ಓಡಿದ್ದ. ಆ ಅಕ್ಷತೆ ವಾಷಿಂಗ್ ಮಷೀನಿನಲ್ಲಿ ಸಿಕ್ಕಿತು.

"ಮನೇಲೊಂದು ಬಾಣಂತಿ ಇದ್ದ ಹಾಗೆ ಆಯ್ತು ಕಣ್ರೀ. ಎಲ್ಲಿಗೆ ಹೊರಟ್ರೂ ಇದರ ಹತ್ರ ಒಬ್ಬರು ಇರಬೇಕು. ಬಾಣಂತಿಯಾದ್ರೂ ಮೂರು ತಿಂಗಳಿಗೆ ತವರಿಂದ ಹೋಗ್ತಾಳೆ" ಅನ್ನುತ್ತಿದ್ದಳು ನೀಲಾಂಬಿಕೆ.

ಅವಳಿಗೆ ಶ್ರೀಶೈಲಕ್ಕೆ ಹೋಗುವ ಆಸೆ. ಮದುವೆಯಾದ ವರ್ಷದ್ದು. ಪ್ರತಿ ವರ್ಷ ಹೊರಡುವ ಮಾತಾಗುತ್ತಿತ್ತು, ಪ್ರತಿ ವರ್ಷ ಬೈರಯ್ಯನ ಕುರ್ಚಿ ಅಡ್ಡ ಬರುತ್ತಿತ್ತು. ಈ ಸಲ ಅವಳು ಯಾರನ್ನೂ ಕೇಳದೆ ಮುಂದಿನ ತಿಂಗಳ ಒಂದು ಶನಿವಾರದ ಬಸ್ಸಿಗೆ ಟಿಕೆಟ್ ತೆಗೆಸಿದಳು. ತೆಗೆಸಿ ಗಂಡನ ಮುಂದೆ ಇಟ್ಟು, "ಎರಡು ತೆಗೆಸಿದೀನಿ. ನೀವು ಬರದಿದ್ರೆ ಇನ್ನೊಂದ್ರಲ್ಲಿ ಬ್ಯಾಗ್ ಕೂರಿಸ್ಕೊಂಡು ಹೋಗ್ತೀನಿ" ಅಂದಳು. ಜಗಳದ ದನಿಯಲ್ಲ, ಹಾಲು ತರಲು ಹೇಳುವ ದನಿ. ಜಗಳವಾಗಿದ್ದರೆ ರುದ್ರೇಶನಿಗೆ ಅಷ್ಟು ಭಯ ಆಗುತ್ತಿರಲಿಲ್ಲ.

ಹಾಗಾಗಿ ಅವನು ಹಾಸನಕ್ಕೆ ಹೋಗಿ ಸಂಘಮಿತ್ರಾಳನ್ನು ಕಂಡ. ಅವಳು ಊರಿನ ಅಂಗಡಿ, ಆಸ್ಪತ್ರೆ, ಶಾಲೆಗಳವರ ವೆಬ್‌ಸೈಟುಗಳನ್ನು ತನ್ನ ಸರ್ವರುಗಳಲ್ಲಿ ನೋಡಿಕೊಳ್ಳುವವಳು. ರುದ್ರೇಶ ಹೇಳಿದ್ದನ್ನೆಲ್ಲ ಕೇಳಿ, "ಸಾರ್, ಬಾಣಂತಿನ ನಾನು ನೋಡ್ಕೋತೀನಿ. ಆದ್ರೆ ನಿಮ್ಮ ಪ್ರೋಗ್ರಾಂ ಪಿಎಸ್‌ಜಿಐ ಮಾತಾಡ್ಬೇಕು. ಇಲ್ಲಾಂದ್ರೆ ನನ್ನ ಸರ್ವರಿಗೆ ಅದರ ಭಾಷೆ ಗೊತ್ತಾಗಲ್ಲ" ಅಂದಳು.

ಇಲ್ಲಿ ಸ್ವಲ್ಪ ನಿಂತು ಹೇಳಬೇಕು. ವೆಬ್ ಪ್ರೋಗ್ರಾಂ ಬರೆಯುವವರು ಎಲ್ಲವನ್ನೂ ಬುಡದಿಂದ ಕಟ್ಟುವುದಿಲ್ಲ. ಫ್ರೇಮ್‌ವರ್ಕ್ ಎನ್ನುವುದು ಸಿದ್ಧವಾಗಿ ಸಿಗುತ್ತದೆ. ಶಾಮಿಯಾನದವರು ಕಂಬ, ಹಗ್ಗ, ಬಟ್ಟೆ ತರುತ್ತಾರೆ, ಮದುವೆಯನ್ನು ಮನೆಯವರು ತರುತ್ತಾರೆ; ಫ್ರೇಮ್‌ವರ್ಕ್ ಅಂದರೆ ಆ ಕಂಬ, ಹಗ್ಗ, ಬಟ್ಟೆ. ಅದರೊಳಗೆ ಎಂಜಿನ್ ಅಂತ ಒಂದು ತುಂಡು ಇರುತ್ತದೆ. ಅದು ಅಡುಗೆಮನೆಗೂ ಊಟದ ಹಾಲ್‌ಗೂ ಮಧ್ಯೆ ಓಡಾಡುವ ಬಡಿಸುವವನು. ಹೊರಗೆ ಕೇಳಿದ್ದನ್ನು ಒಳಗೆ ತಿಳಿಸಬೇಕು, ಒಳಗೆ ಬೆಂದದ್ದನ್ನು ಹೊರಗೆ ತರಬೇಕು. ಹಾಲ್ ಅಂದರೆ ಸರ್ವರು. ರುದ್ರೇಶನ ಎಂಜಿನ್ ಹುಟ್ಟಿದಾಗಿನಿಂದ ಒಂದೇ ಹಾಲ್‌ನಲ್ಲಿ ಬಡಿಸಿದ ಆಳು. ಅಲ್ಲಿ ಯಾವ ಮೆಟ್ಟಿಲು ಜಾರುತ್ತದೆ, ಯಾವ ಬಾಗಿಲಿಗೆ ತಲೆ ಬಗ್ಗಿಸಬೇಕು, ಎಲ್ಲಾ ಗೊತ್ತು. ಬೇರೆ ಹಾಲ್‌ಗೆ ಕಳಿಸಿದರೆ ಸಾರಿನ ಬಕೆಟ್ ಹಿಡಿದು ಬಾಗಿಲಲ್ಲೇ ನಿಲ್ಲುತ್ತಾನೆ.

ಇಂಥ ಆಳುಗಳ ಕಾಟ ತಾಳಲಾರದೆ ಪರ್ಲ್‌ನವರೆಲ್ಲ ಸೇರಿ ಹಿಂದೆಯೇ ಒಂದು ಕಟ್ಟಳೆ ಮಾಡಿಕೊಂಡಿದ್ದರು. ಅದೇ ಪಿಎಸ್‌ಜಿಐ. ಒಳಗಿನವರು ಏನೇ ಬೇಯಿಸಲಿ, ಮೂರು ಅಂತಸ್ತಿನ ಕ್ಯಾರಿಯರ್‌ನಲ್ಲಿ ಹಾಕಿ ಕೊಡಬೇಕು. ಮೇಲಿನ ಡಬ್ಬಿಯಲ್ಲಿ ಎಲ್ಲ ಸರಿಯಿದೆಯೋ ಕೆಟ್ಟಿದೆಯೋ ಎಂದು ಹೇಳುವ ಒಂದು ಸಂಖ್ಯೆ. ನಡುವಿನದರಲ್ಲಿ ಒಳಗಿರುವುದು ಏನು, ಎಂಥದು ಎಂಬ ವಿವರ. ಕೆಳಗಿನದರಲ್ಲಿ ಊಟ. ಇಷ್ಟಾದರೆ ಯಾವ ಅಡುಗೆಮನೆಯ ಊಟವನ್ನು ಯಾವ ಹಾಲ್‌ನಲ್ಲಾದರೂ ಬಡಿಸಬಹುದು. ದೇಶದಲ್ಲೆಲ್ಲ ಜನ ಈ ಬದಲಾವಣೆ ಮಾಡಿಕೊಂಡು, ಆ ಕಟ್ಟಳೆಯೂ ಹಳೆಯದಾಗಿ, ಅದನ್ನು ಮಾಡಿದವರ ಮಕ್ಕಳಿಗೆ ಮೀಸೆ ಬಂದ ಮೇಲೆ ರುದ್ರೇಶನ ಸರದಿ ಬಂತು. ಅವನ ಬದುಕಿನಲ್ಲಿ ಎಲ್ಲವೂ ಸುಮಾರು ಹೀಗೇ ತಲುಪುವುದು.

ಆಧಾರ್ ಕಾರ್ಡು, ಪಹಣಿ, ಮಾರ್ಕ್ಸ್ ಕಾರ್ಡುಗಳ ಜೆರಾಕ್ಸ್ ತೆಗೆಯುತ್ತ, ನಡುವೆ ಸಿಕ್ಕ ಮಧ್ಯಾಹ್ನಗಳಲ್ಲಿ ಅವನು ಹೊಸ ಎಂಜಿನ್ ಬರೆದ. ತಾನೇ ತರುಣನಾಗಿದ್ದಾಗ ಬರೆದ ಹಳೆಯ ಸಾಲುಗಳನ್ನು ಓದಿದಾಗ ಬರೆದವನ ಮೇಲೆ ಸಿಟ್ಟು ಬಂತು, ಸ್ವಲ್ಪ ಕನಿಕರವೂ ಬಂತು. ಎಲ್ಲಿ ಏನು ಯಾಕೆ ಮಾಡಿದ್ದಾನೆ ಅಂತ ಒಂದು ಕಡೆಯೂ ಬರೆದಿಟ್ಟಿರಲಿಲ್ಲ. ಬುದ್ಧಿವಂತನೆಂದು ತನ್ನನ್ನು ತಾನೇ ನಂಬಿದ್ದ ಹುಡುಗ.

ಹೊರಡುವ ವಾರದ ಸೋಮವಾರ ಪ್ರೋಗ್ರಾಂ ಸಂಘಮಿತ್ರಾಳ ಸರ್ವರಿಗೆ ಹೋಯಿತು. ರುದ್ರೇಶ ಅಂಗಡಿಯಿಂದ ಒತ್ತಿ ನೋಡಿದ. ಸ್ವಲ್ಪ ತಡೆದು, ಉತ್ತರ ಸರಿಯಾಗಿ ಬಂತು. ಇನ್ನೊಂದು ಸಲ ನೋಡಿದ. ಬಂತು. ಮನೆಗೆ ಹೋಗಿ ಡಬ್ಬವನ್ನು ಆರಿಸಿದ. ಮನೆಯಲ್ಲಿ ಯಾರೋ ಉಸಿರಾಡುವುದನ್ನು ನಿಲ್ಲಿಸಿದ ಹಾಗೆ ಆಗಿ, ದೇವರಕೋಣೆಯಲ್ಲಿದ್ದ ನೀಲಾಂಬಿಕೆ ಹೊರಗೆ ಬಂದು ನೋಡಿದಳು.

ಬುಧವಾರ ಬೆಳಗ್ಗೆ ಬೈರಯ್ಯನ ಫೋನ್.

"ಸಾ, ಏನ್ ಮಾಡ್ಬುಟ್ರಿ ಸಾ? ಕೊಣನೂರಲ್ಲಿ ಮಧ್ಯಾಹ್ನುಕ್ಕೆ ನಿಶ್ಚಿತಾರ್ಥ. ಕುರ್ಚಿ ಕೇಳುದ್ರೆ ನಾಕು ತಾಲೂಕ್ನಲ್ಲೂ ಒಂದೂ ಇಲ್ಲ ಅಂತೈತೆ ನಿಮ್ ಮಿಸೀನು. ಹೆಣ್ಣಿನ್ ಕಡೆಯೋರ್ಗೇನ್ ನಿಂತ್ಕಂಡ್ ಉಣ್ಣಿ ಅನ್ಲಾ?"

"ಇಲ್ಲ ಅಂದ್ರೆ ಎಲ್ಲೋಗ್ತವೆ ಬೈರಯ್ಯನೋರೇ? ಅಷ್ಟೂ ಕುರ್ಚಿ ಎಲ್ಲಿಗೆ ಹೋಗಿದೆ ಅಂತ ತೋರಿಸ್ತಾ ಇದೆ?"

ಬೈರಯ್ಯ ದನಿ ಇಳಿಸಿ, "ಹಳೇಕೋಟೆಗೆ ಸಾ" ಅಂದ.

ಹಳೇಕೋಟೆಯಲ್ಲಿ ಕೃಷ್ಣಪ್ಪನವರ ಮೊಮ್ಮಗಳ ನಾಮಕರಣ. ಕೇಳಿದ್ದು ಇನ್ನೂರು ಕುರ್ಚಿ. ರುದ್ರೇಶ ಬಸ್ಸಿಳಿದು ಹೋಗಿ ನೋಡುತ್ತಾನೆ: ಮನೆಯ ಮುಂದೆ ಕುರ್ಚಿ, ಕಣದಲ್ಲಿ ಕುರ್ಚಿ, ಹುಲ್ಲುಬಣವೆಯ ಸುತ್ತ ಗೋಪುರದ ಹಾಗೆ ಒಂದರೊಳಗೊಂದು ಸೇರಿಸಿ ನಿಲ್ಲಿಸಿದ ಕುರ್ಚಿ. ಕೊಟ್ಟಿಗೆಯ ಬಾಗಿಲಿಗೆ ಅಡ್ಡವಾಗಿಟ್ಟ ಕುರ್ಚಿಗಳ ಸಂದಿಯಿಂದ ಎಮ್ಮೆಯೊಂದು ಸಭೆಗೆ ತಡವಾಗಿ ಬಂದ ಅತಿಥಿಯಂತೆ ಮುಖ ಹಾಕಿತ್ತು. ರಸ್ತೆಯಲ್ಲಿ ಇನ್ನೂ ಎರಡು ಟೆಂಪೋ ನಿಂತಿದ್ದವು. ನೆಂಟರು ಒಬ್ಬೊಬ್ಬರು ಕೂರಲಿಕ್ಕೊಂದು, ಟವೆಲು ಇಡಲಿಕ್ಕೊಂದು, ಕಾಲು ಚಾಚಲಿಕ್ಕೊಂದು ಕುರ್ಚಿ ಹಿಡಿದಿದ್ದರು.

ಕೃಷ್ಣಪ್ಪನವರು ಪಂಚೆ ಎತ್ತಿ ಕಟ್ಟಿಕೊಂಡು ಬಂದರು. "ನೀವೇನಾ ಸಾ ಕಂಪ್ಯೂಟ್ರು ಅವ್ರು? ಬನ್ನಿ ಬನ್ನಿ. ಅಲ್ಲಾ ಸಾ, ನನ್ನ್ ಮೊಮ್ಮಗಳಿಗೆ ಎಸ್ರಿಡ್ತಾ ಇದೀನೋ ಇಲ್ಲ ಅವ್ಳು ಪ್ರಮಾಣವಚನ ತಗತಾವ್ಳೋ?"

ಸುತ್ತಲಿದ್ದವರು ನಕ್ಕರು. ರುದ್ರೇಶನೂ ನಗಬೇಕೆಂದುಕೊಂಡ, ಬಾಯಿ ಅರ್ಧಕ್ಕೇ ಸೋತಿತು. ಬೈರಯ್ಯ ಆಗಲೇ ಬಂದಿದ್ದ. ಒಂದು ಕುರ್ಚಿಯ ಬೆನ್ನು ಹಿಡಿದು ತಲೆ ತಗ್ಗಿಸಿ ನಿಂತಿದ್ದ.

"ಏನಾಯ್ತು ಹೇಳಿ ಬೈರಯ್ಯನೋರೇ, ನಿಧಾನವಾಗಿ."

"ಏನಾಯ್ತದೆ ಸಾ. ಎಂದಿನಂಗೆ ಹಳೇಕೋಟೆ, ಇನ್ನೂರು, ಅಂತ ಹಾಕಿ ಒತ್ತುದೆ. ಮೊದ್ಲೆಲ್ಲಾ ಒತ್ತುದ ತಕ್ಷಣ 'ತಡೀರಣ್ಣ, ನೋಡ್ತಾವ್ನಿ' ಅಂತಿತ್ತು. ನಾನು ಟೀ ಕುಡ್ಕಂಡು ಬರ್ತಿದ್ದೆ. ಈಗ ಏನೂ ಅನ್ನಕಿಲ್ಲ. ಅಂಗೇ ಬೆಳ್ಳಗೆ ನಿಂತ್ಬುಡ್ತದೆ, ಗೋಡೆ ಇದ್ದಂಗೆ. ಕೇಳುಸ್ನಿಲ್ವೇನೋ ಅಂತ ಇನ್ನೊಂದ್ ಸಲ ಒತ್ತುದೆ."

"ಇನ್ನೊಂದೇ ಸಲಾನಾ?"

"ಒಂದೆಲ್ಡು ಸಲ..." ಬೈರಯ್ಯ ಹುಲ್ಲುಬಣವೆಯ ಕಡೆ ನೋಡಿದ. "ಮಾತಾಡುಸ್ದಾಗ ಮಾತಾಡ್ದೇ ಇದ್ರೆ ಯಾರ್ಗಾದ್ರೂ ಸಿಟ್ಟು ಬರಲ್ವಾ ಸಾ? ಒತ್ತುದೆ. ಒತ್ತುತಾನೇ ಇದ್ದೆ."

ಒತ್ತಿದಾಗಲೆಲ್ಲ ಪ್ರೋಗ್ರಾಂ ಇನ್ನೂರು ಕುರ್ಚಿ ಕೊಟ್ಟಿತ್ತು. ಅರಕಲಗೂಡಿನಲ್ಲಿ ಮುಗಿದಾಗ ಹೊಳೆನರಸೀಪುರದವರಿಗೆ, ಅಲ್ಲಿ ಮುಗಿದಾಗ ಹಾಸನದವರಿಗೆ, ಆಮೇಲೆ ಚನ್ನರಾಯಪಟ್ಟಣದವರಿಗೆ, 'ಹಳೇಕೋಟೆಗೆ ಕಳಿಸಿ' ಎಂದು ಮೆಸೇಜು ಹೋಗಿತ್ತು. ಯಾರೋ ದೊಡ್ಡವರ ಕಾರ್ಯಕ್ರಮ ಇರಬೇಕು ಅಂತ ಎಲ್ಲರೂ ಒಳ್ಳೊಳ್ಳೆಯ ಕುರ್ಚಿಗಳನ್ನೇ ಆರಿಸಿ ಕಳಿಸಿದ್ದರು. ಎರಡು ಸಲ ಒತ್ತಿದರೆ ಏನಾಗುತ್ತದೆ ಎಂದು ರುದ್ರೇಶ ಯೋಚಿಸಿರಲೇ ಇಲ್ಲ. ಇಷ್ಟು ವರ್ಷದಲ್ಲಿ ಯಾರೂ ಎರಡು ಸಲ ಒತ್ತಿರಲೇ ಇಲ್ಲ.

"ಸಾ, ನಾವು ಅಂಗಡಿಯೋರೆಲ್ಲಾ ಮಾತಾಡ್ಕಂಡ್ವಿ" ಅಂದ ಬೈರಯ್ಯ. "ಈ ಹೊಸ್ದು ನಮಗೆ ಒಗ್ಗಕಿಲ್ಲ. ನಿಮ್ಮನೇಲಿದ್ದ ಹಳೇದ್ನೇ ಹಚ್ಬುಡಿ. ಅದು ಕೆಟ್ರೆ ನೀವಿದ್ದೇ ಇರ್ತೀರಲ್ಲ."

ನೀವಿದ್ದೇ ಇರ್ತೀರಲ್ಲ. ರುದ್ರೇಶನಿಗೆ ನೀಲಾಂಬಿಕೆಯ ಪಕ್ಕದ ಸೀಟಿನಲ್ಲಿ ಕೂತ ಬ್ಯಾಗು ಕಣ್ಣಿಗೆ ಬಂತು. ಅದು ಕಿಟಕಿಯಿಂದ ಹೊರಗೆ ನೋಡುತ್ತಿತ್ತು, ಅವನಿಗಿಂತ ಸುಖವಾಗಿತ್ತು.

ಕೊಣನೂರಿಗೆ ಬೇಕಾದ ಕುರ್ಚಿಗಳನ್ನು ಕೃಷ್ಣಪ್ಪನವರೇ ಮುಂದೆ ನಿಂತು ಟೆಂಪೋಗೆ ಹತ್ತಿಸಿದರು. "ಪಾಪ, ಹೆಣ್ಣಿನ್ ಕಡೆಯೋರು ಕೂತ್ಕಳ್ಳಿ" ಅಂದರು. ಆಮೇಲೆ ರುದ್ರೇಶನ ರಟ್ಟೆ ಹಿಡಿದರು. "ಉಂಡ್ಕಂಡೇ ಓಗ್ಬೇಕು. ಇಷ್ಟು ಕುರ್ಚಿ ಕೊಟ್ಟಿದೀರ, ಒಂದ್ರಲ್ಲಾದ್ರೂ ಕೂತ್ಕಳಿ."

ಕೂತ. ಹಸಿವಿರಲಿಲ್ಲ. ಎಲೆ ಹಾಕಿದರು, ನೀರು ಚಿಮುಕಿಸಿ ಒರೆಸಿದ. ಪಕ್ಕದಲ್ಲಿ ಒಬ್ಬ ಅಜ್ಜ ಖಾಲಿ ಎಲೆ ನೋಡಿ ಅತ್ತಿತ್ತ ತಿರುಗಿ, "ಯಾರೂ ಇಲ್ವೇನ್ರೋ ಬಡ್ಸಾಕೆ? ಲೇ!" ಅಂದ. ಸ್ವಲ್ಪ ಹೊತ್ತಿಗೆ ಮತ್ತೆ ಅಂದ. ಅಷ್ಟರಲ್ಲಿ ಒಬ್ಬ ಬಂದು ಎಲೆಯ ಮೂಲೆಗೆ ಚಿಟಿಕೆ ಉಪ್ಪು ಹಾಕಿ ಮುಂದೆ ಹೋದ. ಅಜ್ಜ ಸುಮ್ಮನಾದ. ಅನ್ನ ಬರುವುದು ಇನ್ನೂ ಎಷ್ಟು ಹೊತ್ತೋ, ಅವನಿಗೆ ಅದರ ಚಿಂತೆಯಿಲ್ಲ. ಉಪ್ಪು ಬಿದ್ದಿದೆ. ಇನ್ನು ಬರುವುದೆಲ್ಲ ಬರುತ್ತದೆ. ಆರಾಮಾಗಿ ಪಕ್ಕದವನ ಹತ್ತಿರ ಶುಂಠಿ ರೇಟಿನ ಮಾತು ಎತ್ತಿದ.

ರುದ್ರೇಶ ಆ ಉಪ್ಪನ್ನೇ ನೋಡುತ್ತ ಕೂತ.

ಹಳೆಯ ಎಂಜಿನ್ ಮೊದಲು ಉಪ್ಪು ಬಡಿಸುತ್ತಿತ್ತು. 'ತಡೀರಣ್ಣ, ನೋಡ್ತಾವ್ನಿ' ಅನ್ನುವ ಸಾಲು ಅದೇ. ಇಂಟರ್ನೆಟ್ ತೆವಳುತ್ತಿದ್ದ ಕಾಲದಲ್ಲಿ ಬೈರಯ್ಯನ ಮಾತಿನ ಧಾಟಿಯಲ್ಲೇ ತಮಾಷೆಗೆ ಬರೆದಿದ್ದ. ಆ ಸಾಲು ತಕ್ಷಣ ಹೊರಗೆ ಹೋಗುತ್ತಿತ್ತು, ನಾಲ್ಕು ತಾಲ್ಲೂಕು ಹುಡುಕಿ ಬಂದ ಉತ್ತರ ಹಿಂದಿನಿಂದ ಸಾವಕಾಶವಾಗಿ ಬರುತ್ತಿತ್ತು. ಹೊಸ ಎಂಜಿನ್‌ನಲ್ಲಿ ಅವನು ಎಲ್ಲವನ್ನೂ ಬೇಯಿಸಿ, ಮೂರು ಡಬ್ಬಿ ತುಂಬಿ, ಕ್ಯಾರಿಯರ್ ಮುಚ್ಚಿ ಕಳಿಸುತ್ತಿದ್ದ. ಉಪ್ಪು ಕೆಳಗಿನ ಡಬ್ಬಿಯೊಳಗೆ, ಅನ್ನದ ಜೊತೆಗೆ ಹೋಗುತ್ತಿತ್ತು. ಅಲ್ಲಿಯವರೆಗೆ ಬೈರಯ್ಯನ ಮುಂದೆ ಖಾಲಿ ಎಲೆ. ರುದ್ರೇಶ ತಾನೇ ಒತ್ತಿ ನೋಡಿದಾಗ ಇದು ಗೊತ್ತಾಗಿರಲಿಲ್ಲ. ಅಡುಗೆ ಮಾಡಿದವನು ಖಾಲಿ ಎಲೆ ಮುಂದೆ ಎಷ್ಟು ಹೊತ್ತಾದರೂ ಕೂರುತ್ತಾನೆ, ಒಲೆಯ ಮೇಲೆ ಏನಿದೆ ಅಂತ ಅವನಿಗೆ ಗೊತ್ತಲ್ಲ.

ಆ ಕಟ್ಟಳೆಯ ಕೊನೆಯಲ್ಲಿ ಇನ್ನೊಂದು ದಾರಿಯೂ ಇತ್ತು. ಊಟ ತಡವಾಗುವುದಾದರೆ ಕ್ಯಾರಿಯರ್ ಬೇಡ, ಪಂಕ್ತಿಯಲ್ಲಿ ಒಂದೊಂದಾಗಿ ಬಡಿಸುತ್ತಾ ಹೋಗಬಹುದು ಅಂತ. ರುದ್ರೇಶ ಅದನ್ನು ಓದಿದ್ದ. ನಮಗ್ಯಾಕೆ ಅಂತ ಬಿಟ್ಟಿದ್ದ.

ಊಟ ಮುಗಿಸಿ ಕೈ ತೊಳೆದು ಬೈರಯ್ಯನನ್ನು ಹುಡುಕಿದ. "ಬೈರಯ್ಯನೋರೇ, ಶುಕ್ರವಾರದ ತನಕ ಟೈಮ್ ಕೊಡಿ. ಆಗ್ಲೂ ಅದು ಮಾತಾಡದಿದ್ರೆ ಹಳೇದೇ ಹಚ್ತೀನಿ."

"ನಮ್ಗೇನ್ ಸಾ. ತಡೀರಣ್ಣ ಅಂತ ಒಂದ್ ಮಾತಂದ್ರೆ ಸಾಕು, ಸಾಯಂಕಾಲದ ಗಂಟ ತಡೀತೀವಿ."

ಗುರುವಾರ ರುದ್ರೇಶ ಅಂಗಡಿಗೆ ಅರ್ಧ ಬಾಗಿಲು ಹಾಕಿ ಕೂತ. ಎಂಜಿನ್ನನ್ನು ಮತ್ತೆ ಬಿಚ್ಚಿದ. ಮೊದಲು ಉಪ್ಪು, ಆಮೇಲೆ ಉಳಿದದ್ದು. ಒಂದೇ ಬುಕಿಂಗ್ ಎರಡು ಸಲ ಬಂದರೆ ಎರಡನೆಯದನ್ನು ಬಿಡುವ ಹಾಗೂ ಮಾಡಿದ. ಅದನ್ನು ಫೋನಿನಲ್ಲಿ ಹೇಳಿಕೊಟ್ಟವಳು ಸಂಘಮಿತ್ರಾ. "ಮೊದಲೇ ಮಾಡಬೇಕಿತ್ತಲ್ವಾ ಸಾರ್ ಇದು?" ಅಂತ ಅವಳು ಕೇಳಿದಾಗ ಲೈನ್ ಸರಿಯಿಲ್ಲ ಅನ್ನುವ ಹಾಗೆ "ಹಲೋ ಹಲೋ" ಅಂದ.

ಶುಕ್ರವಾರ ಬೆಳಗ್ಗೆ ಬೈರಯ್ಯ ಒತ್ತಿ ನೋಡಿ ಫೋನ್ ಮಾಡಿದ. ದನಿಯಲ್ಲಿ ಹಿಗ್ಗು. "ಅಂತು ಸಾ! ತಡೀರಣ್ಣ ಅಂತು! ಕುರ್ಚಿನೂ ಬಂತು. ಆದ್ರೆ ಒಂದು. ಮೇಲೊಂದು ಚಕ್ರ ಸುತ್ತುತಾ ಇರ್ತದಲ್ಲಾ, ಅದು ನಿಲ್ತಾನೇ ಇಲ್ಲ. ಎಲ್ಲಾ ಬಂದೈತೆ, ಆದ್ರೂ ಸುತ್ತುತೈತೆ. ಇನ್ನೂ ಏನೋ ಬತ್ತದೇನೋ ಅಂತ ನಾನೂ ಕೂತಿವ್ನಿ. ಎದ್ದು ಓಗ್ಲಾ, ಬ್ಯಾಡ್ವಾ?"

ರುದ್ರೇಶ ಕಣ್ಣು ಮುಚ್ಚಿ ಹಣೆ ಒತ್ತಿಕೊಂಡ. ನೀಲಾಂಬಿಕೆ ಆಚೆ ಕೋಣೆಯಲ್ಲಿ ಬ್ಯಾಗಿಗೆ ಬಟ್ಟೆ ಹಾಕುತ್ತಿದ್ದಳು. ಅವಳದು ಮಾತ್ರ ಮಡಚಿ ಇಟ್ಟಾಗಿತ್ತು. ಅವನ ಅಂಗಿಗಳನ್ನು ಮಂಚದ ಮೇಲೆ ಹಾಗೇ ಬಿಟ್ಟಿದ್ದಳು.

"ನೀಲಾ, ಊಟಕ್ಕೆ ಕೂತವರು ಯಾವಾಗ ಏಳ್ತಾರೆ?"

"ಇದೇನ್ರೀ ಪ್ರಶ್ನೆ? ಮಜ್ಜಿಗೆ ಬಂದ ಮೇಲೆ."

"ಮಜ್ಜಿಗೆ ಬರದಿದ್ರೆ?"

"ಕೂತಿರ್ತಾರೆ, ಕೈ ಒಣಗಿಸ್ಕೊಂಡು." ಅವಳು ಬಾಗಿಲಿಗೆ ಬಂದು ನೋಡಿದಳು. "ಏನು, ಮಜ್ಜಿಗೆ ಬೇಕಾ?"

ಒಂದೊಂದಾಗಿ ಬಡಿಸುವ ದಾರಿಯಲ್ಲಿ ಕೊನೆಗೆ 'ಆಯಿತು' ಅಂತ ಹೇಳಿ ಮುಗಿಸಬೇಕು. ಹೇಳದಿದ್ದರೆ ಹೊರಗಿನವರು ಕಾಯುತ್ತಲೇ ಇರುತ್ತಾರೆ. ಹಳೆಯ ಎಂಜಿನ್‌ನಲ್ಲಿ ಅದರ ಅಗತ್ಯ ಇರಲಿಲ್ಲ; ಅದು ಬಡಿಸಿ ತಾನೇ ಮನೆಗೆ ಹೋಗುತ್ತಿತ್ತು, ಜನಕ್ಕೆ ತಿಳಿಯುತ್ತಿತ್ತು. ಉಪ್ಪಿನ ಗುಂಗಿನಲ್ಲಿ ರುದ್ರೇಶ ಮಜ್ಜಿಗೆಯನ್ನು ಮರೆತಿದ್ದ. ಒಂದು ಸಾಲು. ಸೇರಿಸಿ ಕಳಿಸಿದ.

"ನಿಂತ್ಕತು ಸಾ" ಅಂದ ಬೈರಯ್ಯ. "ಹಳೇದು ಬ್ಯಾಡ ಬುಡಿ. ಓಗ್ಬನ್ನಿ ಅಮ್ಮಾವ್ರ ಕರ್ಕಂಡು. ನಮ್ ಹೆಸ್ರಲ್ಲೂ ಒಂದ್ ಕಾಯಿ ಒಡ್ಸಿ" ಅಂದ.

ರುದ್ರೇಶ ಕೋಣೆಗೆ ಹೋಗಿ ಮಂಚದ ಮೇಲಿನ ಅಂಗಿಗಳನ್ನು ತಾನೇ ಮಡಚತೊಡಗಿದ. ಅವನು ಮಡಚಿದ್ದನ್ನು ನೀಲಾಂಬಿಕೆ ತೆಗೆದು, ಕೊಡವಿ, ಮತ್ತೆ ಮಡಚಿ ಬ್ಯಾಗಿನೊಳಗಿಟ್ಟಳು.

ಶಾಮಿಯಾನದವರೆಲ್ಲರ ಬಳಿ ನಂಬರಿದ್ದ ತನ್ನ ಫೋನನ್ನು, ಅವರ ಕರೆಗಳನ್ನು ಅವಳೇ ನೋಡಿಕೊಳ್ಳಲಿ ಎಂದು, ಅವನು ಸಂಘಮಿತ್ರಾಳಿಗೆ ಕಳಿಸಿಬಿಟ್ಟಿದ್ದ. ಶನಿವಾರ ಬಸ್ಸಿನಲ್ಲಿ ಕೂತ ಮೇಲೂ ಕೈ ಮಾತ್ರ ಜೇಬಿಗೆ ಹೋಗುತ್ತಿತ್ತು, ಬಿದ್ದ ಹಲ್ಲಿನ ಜಾಗಕ್ಕೆ ನಾಲಿಗೆ ಹೋದ ಹಾಗೆ. ಡಬ್ಬದ ಮೇಲೆ ಆವತ್ತೂ ಹೂವಿತ್ತು. ಹೊರಡುವ ಗಡಿಬಿಡಿಯಲ್ಲಿ ನೀಲಾಂಬಿಕೆ ಅಭ್ಯಾಸಬಲದಿಂದ ಇಟ್ಟಿದ್ದಳು.

ಹಿರೀಸಾವೆಯಲ್ಲಿ ಕಾಫಿಗೆ ಬಸ್ ನಿಂತಿತು. ಹೋಟೆಲಿನ ಹೊರಗೆ ನಾಲ್ಕೈದು ಕುರ್ಚಿ ಹಾಕಿದ್ದರು. ಅದರಲ್ಲೊಂದರ ಬೆನ್ನ ಮೇಲೆ ಹಸಿರು ಬಣ್ಣದಲ್ಲಿ ಬೈರಯ್ಯನ ಅಂಗಡಿಯ ಹೆಸರು. ಹಳೇಕೋಟೆಯಿಂದ ವಾಪಸು ಬರುವ ಗಲಾಟೆಯಲ್ಲಿ ಯಾವುದೋ ಟೆಂಪೋ ಹತ್ತಿ ದಾರಿ ತಪ್ಪಿರಬೇಕು. ಹೇಳಬೇಕೆನ್ನಿಸಿತು. ಫೋನ್ ಇಲ್ಲ. ಯಾರಿಗೂ ಹೇಳದೆ ಅದರ ಮೇಲೆ ಕೂತ. ಇಷ್ಟು ವರ್ಷ ಆ ಕುರ್ಚಿಗಳನ್ನು ಊರಿಂದೂರಿಗೆ ಕಳಿಸಿದ್ದನೇ ಹೊರತು, ಹಳೇಕೋಟೆಯ ಆ ಮಧ್ಯಾಹ್ನ ಬಿಟ್ಟರೆ ಒಂದರಲ್ಲೂ ಕೂತವನಲ್ಲ. ಬೆನ್ನು ಹಿಂದಕ್ಕೆ ಒರಗಿತು. ಲಾರಿಗಳ ಸದ್ದು ದೂರ ಹೋಯಿತು.

ನೀಲಾಂಬಿಕೆ ಕಾಫಿ ಮುಗಿಸಿ ಲೋಟ ಕೊಟ್ಟು ಬಂದಾಗ ಕಂಡಕ್ಟರ್ ವಿಸಲ್ ಹಾಕುತ್ತಿದ್ದ. ಗಂಡನ ಬಾಯಿ ಚೂರು ತೆರೆದಿತ್ತು. ಅವನ ಕಾಫಿಯ ಮೇಲೆ ಕೆನೆ ಕಟ್ಟಿತ್ತು. ಅವಳು ಭುಜ ಅಲ್ಲಾಡಿಸಿದಳು.

"ರೀ, ಏಳಿ. ಬಸ್ಸು ಹೊರಡ್ತು."

ಅವನು ಕಣ್ಣು ಬಿಡದೆಯೇ ಕೇಳಿದ: "ಮಜ್ಜಿಗೆ ಬಂತಾ?"

"ಬಂತು" ಅಂದಳು ಅವಳು. "ಏಳಿ ಇನ್ನು."